ಜಿಪ್ಸಿಯ ಹಿಂಭಾಗದ ಸದ್ದು: ಸುತ್ತು ಎಣಿಸಿ ಹಿಡಿಯುವುದು

ಹಳೆಯ ಮಾರುತಿ ಜಿಪ್ಸಿಯ ಹಿಂದೆ ಸದ್ದು ಎಂದರೆ ಸಾಕು, ಗ್ಯಾರೇಜಿನಲ್ಲಿ ಮೊದಲ ತೀರ್ಪು ‘ಕ್ರೌನ್ ಪಿನಿಯನ್ ಹೋಗಿದೆ’. ಮುಂದಿನಿಂದ ಬರುವ ಉದ್ದದ ಪ್ರೊಪೆಲ್ಲರ್ ಶಾಫ್ಟ್ ತಿರುಗಿಸುವ ಚಿಕ್ಕ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರು ಕ್ರೌನ್; ಎರಡೂ ಹಿಂದಿನ ಆಕ್ಸಲ್ ಹೌಸಿಂಗಿನ ಒಳಗಿವೆ. ಆ ಹೌಸಿಂಗ್ ಬಿಚ್ಚಿಸುವ ಮುಂಚೆ ಈ ಟಿಪ್ಪಣಿ ನೋಡಿ. ಸದ್ದು ಕೇಳುವ ಜಾಗವನ್ನು ಮಾತ್ರ ನಂಬಬೇಡಿ. ಬಲ ಚಕ್ರದ ಬೇರಿಂಗ್ ಗೊರಗುಟ್ಟಿದರೂ ಆಕ್ಸಲ್ ಕೊಳವೆಯುದ್ದಕ್ಕೂ ಹರಿದು ಎಡಕ್ಕೂ ಕೇಳುತ್ತದೆ.

ಮೊದಲು ಹೊರಗಿಡಬೇಕಾದವು

ಟೈರ್: ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಹೋದಾಗ ಸದ್ದಿನ ಬಣ್ಣ ಬದಲಾದರೆ ಅದು ಟೈರ್. ಬೇರಿಂಗಿಗೆ ರಸ್ತೆಯ ಹಂಗಿಲ್ಲ.

ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಗೇರ್ ಪೆಟ್ಟಿಗೆ): ಜಿಪ್ಸಿಯಲ್ಲಿ ಇದು ಗೇರ್‌ಬಾಕ್ಸಿನಿಂದ ಬೇರೆಯಾಗಿ, ಸೀಟಿನ ಹತ್ತಿರವೇ ಕೂತಿದೆ. ಗಾಡಿ ನಿಂತಿರಲಿ, ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್, ಗೇರ್ 4ನೇದು, ಕ್ಲಚ್ ಬಿಡಿ. ಆಗ ಅದರ ಒಳಗಿನ ಗೇರುಗಳು ತಿರುಗುತ್ತವೆ, ಹಿಂದಿನ ಶಾಫ್ಟ್ ತಿರುಗುವುದಿಲ್ಲ. ಊಳು (ಎಡೆಬಿಡದೆ ಬರುವ ಊಂ ಸದ್ದು) ಹಾಗೇ ಇದ್ದರೆ ಹಿಂದಿನ ಆಕ್ಸಲ್ ನಿರಪರಾಧಿ.

ಕಮಾನು ಪಟ್ಟಿಯ ಬುಷ್, ಶ್ಯಾಕಲ್, ಯು ಬೋಲ್ಟ್: ಹಳ್ಳದಲ್ಲಿ ಕುಲುಕಿದಾಗ ಮಾತ್ರ ಕಿರ್ ಅಥವಾ ಟಕ್ ಎಂದರೆ ಇವನ್ನು ನೋಡಿ, ಮುಂದಿನದನ್ನೆಲ್ಲ ಬಿಡಿ.

ಎಣಿಕೆ

205/70 ಆರ್15 ಟೈರಿನ ಸುತ್ತಳತೆ ಸುಮಾರು 2.1 ಮೀಟರ್. ಗಂಟೆಗೆ 8 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸರಿಸುಮಾರು ಒಂದು ಸುತ್ತು. ಪ್ರೊಪೆಲ್ಲರ್ ಶಾಫ್ಟ್ ಹೆಚ್ಚುಕಡಿಮೆ ನಾಲ್ಕು. ‘ಟಕ್’ ಸೆಕೆಂಡಿಗೆ ನಾಲ್ಕರ ಲೆಕ್ಕದಲ್ಲಿ ಬಂದರೆ ಶಾಫ್ಟಿನ ಕ್ರಾಸ್ (ತುದಿಯ ಮಡಚುವ ಕೀಲು) ಅಥವಾ ಪಿನಿಯನ್. ಒಂದರ ಲೆಕ್ಕದಲ್ಲಿ ಬಂದರೆ ಚಕ್ರ, ಡ್ರಮ್, ಆಕ್ಸಲ್ ಶಾಫ್ಟ್, ಇಲ್ಲವೇ ಕ್ರೌನಿನ ಮುರಿದ ಹಲ್ಲು. ತೊಡಕು ಇಲ್ಲೇ. ನೇರ ರಸ್ತೆಯಲ್ಲಿ ಚಕ್ರವೂ ಕ್ರೌನೂ ಒಂದೇ ವೇಗದಲ್ಲಿ ತಿರುಗುವುದರಿಂದ ಎಣಿಸಿ ಬೇರ್ಪಡಿಸಲು ಆಗುವುದಿಲ್ಲ.

ಒಂದೇ ಚಕ್ರ ಎತ್ತುವ ಪರೀಕ್ಷೆ

ಡಿಫರೆನ್ಷಿಯಲ್‌ನ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ) ಲೆಕ್ಕ ಇಷ್ಟು: ಎಡ ಚಕ್ರದ ಸುತ್ತು ಮತ್ತು ಬಲ ಚಕ್ರದ ಸುತ್ತು ಕೂಡಿದರೆ ಕ್ರೌನ್ ಸುತ್ತಿನ ಎರಡರಷ್ಟು. ಎರಡೂ ಚಕ್ರ ಒಂದೊಂದು ಸುತ್ತು ಬಂದರೆ ಮೊತ್ತ 2, ಕ್ರೌನ್ 1. ಈಗ ಹಿಂದಿನ ಬಲ ಚಕ್ರ ಮಾತ್ರ ಎತ್ತಿದ್ದೀರಿ, ಎಡ ಚಕ್ರ ನೆಲದಲ್ಲಿದೆ, ಅದರ ಸುತ್ತು 0. ಕ್ರೌನ್ ಒಂದು ಸುತ್ತು ಬರಬೇಕಾದರೆ ಬಲ ಚಕ್ರವೊಂದೇ 2 ಸುತ್ತು ಬರಬೇಕು. ಅಂದರೆ ಎತ್ತಿದ ಚಕ್ರದ ಅರ್ಧ ವೇಗದಲ್ಲಿ ಕ್ರೌನ್ ತಿರುಗುತ್ತದೆ, ಎರಡೂ ಬೇರೆಯಾದವು. ಇದನ್ನು ಮರೆತವರು ಚಕ್ರ ಒಂದು ಸುತ್ತು ತಿರುಗಿಸಿ, ಶಾಫ್ಟ್ ಎರಡೇ ಸುತ್ತು ಬಂತೆಂದು ಆಕ್ಸಲ್ ಅನುಪಾತ (ಕ್ರೌನಿನ ಒಂದು ಸುತ್ತಿಗೆ ಶಾಫ್ಟ್ ಬರುವ ಸುತ್ತು) 2 ಎಂದು ಬರೆದುಕೊಳ್ಳುತ್ತಾರೆ.

ಮುಂದಿನ ಎರಡು ಚಕ್ರಕ್ಕೂ ಹಿಂದೆ ಮುಂದೆ ಕಲ್ಲು ಕೊಡಿ, ಆಕ್ಸಲ್ ಕೊಳವೆಯ ಕೆಳಗೆ ಸ್ಟ್ಯಾಂಡ್ ಇಡಿ, ಟ್ರಾನ್ಸ್‌ಫರ್ ಲಿವರ್ 2ಎಚ್‌ನಲ್ಲಿಟ್ಟು (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ) ಗೇರ್ ನ್ಯೂಟ್ರಲ್ ಮಾಡಿ ಹ್ಯಾಂಡ್‌ಬ್ರೇಕ್ ಬಿಡಿ. ಎಂಜಿನ್ ಆಫ್. ಟೈರಿಗೂ ಶಾಫ್ಟಿಗೂ ಸೀಮೆಸುಣ್ಣದ ಗೆರೆ ಹಾಕಿ ಕೈಯಲ್ಲೇ ತಿರುಗಿಸಿ. ಚಕ್ರದ ಪ್ರತಿ ಸುತ್ತಿಗೂ ಒಂದು ಟಕ್: ಆಕ್ಸಲ್ ಶಾಫ್ಟ್ ಅಥವಾ ಡ್ರಮ್. ಎರಡು ಸುತ್ತಿಗೆ ಒಂದು: ಕ್ರೌನ್. ಒಂದು ಸುತ್ತಿಗೆ ಸುಮಾರು ಎರಡು: ಪಿನಿಯನ್ ಅಥವಾ ಕ್ರಾಸ್. ಈ ಪರೀಕ್ಷೆಯಲ್ಲಿ ಡಿಫರೆನ್ಷಿಯಲ್ ಒಳಗಿನ ಚಿಕ್ಕ ಸ್ಪೈಡರ್ ಗೇರುಗಳೂ ತಿರುಗುತ್ತವೆ. ರಸ್ತೆಯಲ್ಲಿ ತಿರುವಿನಲ್ಲಷ್ಟೇ ಕೇಳಿದ ಕಟಕಟ ಇಲ್ಲಿಯೂ ಬಂದರೆ ಅನುಮಾನ ಅವುಗಳ ಮೇಲೆ. ಎಂಜಿನ್ ಓಡಿಸಿ ಹೀಗೆ ನೋಡುವ ಆಸೆ ಬೇಡ: ಎತ್ತಿದ ಚಕ್ರ ಸ್ಪೀಡೋಮೀಟರ್ ತೋರಿಸಿದ್ದರ ಇಮ್ಮಡಿ ವೇಗದಲ್ಲಿ ಹಾರುತ್ತದೆ, ಸ್ಟ್ಯಾಂಡೂ ಜಾರಬಹುದು.

ಊಳು ಇದ್ದರೆ

ಟಕ್ ಇಲ್ಲದೆ ಬರೀ ಊಳಾದರೆ ಎಣಿಕೆ ಕೆಲಸಕ್ಕೆ ಬಾರದು, ಹೊರೆ ಬದಲಿಸಿ ಕೇಳಿ. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಾದರೆ ಕ್ರೌನ್ ಪಿನಿಯನ್ ಹೊಂದಾಣಿಕೆ ಅಥವಾ ಪಿನಿಯನ್ ತಲೆಯ ಬಳಿಯ ಬೇರಿಂಗ್. ಕಾಲು ತೆಗೆದಾಗ ಊಳಿಟ್ಟರೆ ಫ್ಲೇಂಜ್ (ಪ್ರೊಪೆಲ್ಲರ್ ಶಾಫ್ಟನ್ನು ಪಿನಿಯನ್‌ಗೆ ಬೋಲ್ಟ್ ಮಾಡುವ ಬಿಲ್ಲೆ) ಕಡೆಯ ಬೇರಿಂಗ್ ಅಥವಾ ಸಡಿಲಾದ ಪಿನಿಯನ್ ನಟ್. ಫ್ಲೇಂಜ್ ಹಿಡಿದು ಅಲ್ಲಾಡಿಸಿ: ತಿರುಗುವ ದಿಕ್ಕಿನಲ್ಲಿ ತುಸು ಆಟ ಇರುವುದು ಸಹಜ, ಮೇಲೆ ಕೆಳಗೆ ಇರಬಾರದು. ನಟ್ ಅನ್ನು ಅಂದಾಜಿನಲ್ಲಿ ಬಿಗಿಯಬೇಡಿ, ಪ್ರೀಲೋಡ್ (ಬೇರಿಂಗ್ ಮೇಲಿನ ಬಿಗಿತದ ಒತ್ತಡ) ಹೆಚ್ಚಾಗಿ ಹೊಸ ಬೇರಿಂಗೂ ಕಾದು ಸುಡುತ್ತದೆ. ಎರಡೂ ಸ್ಥಿತಿಯಲ್ಲಿ ಒಂದೇ ಸಮ ಊಳಿದ್ದು, ಬಲಕ್ಕೆ ತಿರುಗಿಸಿದಾಗ ಜಾಸ್ತಿಯಾದರೆ ಎಡ ಚಕ್ರದ ಬೇರಿಂಗ್. ಎಡಕ್ಕೆ ತಿರುಗಿಸಿದಾಗಲಾದರೆ ಬಲದ್ದು.

ಎಣ್ಣೆ

ಮೇಲಿನ ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಕೂತಿದ್ದರೆ ಎಣ್ಣೆ ಇಲ್ಲದ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಪ್ಲಗ್ಗಿನ ಆಯಸ್ಕಾಂತಕ್ಕೆ ಬೂದು ಪೇಸ್ಟ್ ಅಂಟಿದರೆ ಸಾಮಾನ್ಯ ಸವೆತ. ಚೂರು, ಸಿಪ್ಪೆ ಸಿಕ್ಕರೆ ಬಿಚ್ಚಲೇಬೇಕು. ತುಂಬುವುದು 80ಡಬ್ಲ್ಯೂ-90 ಜಿಎಲ್-5 ದರ್ಜೆಯ ಗೇರ್ ಎಣ್ಣೆ, ಸುಮಾರು ಒಂದೂವರೆ ಲೀಟರ್, ಫಿಲ್ಲರ್ ತೂತಿನಿಂದ ಜಿನುಗುವವರೆಗೆ. ಡ್ರಮ್ ಒಳಗೆ ಗೇರ್ ಎಣ್ಣೆ ಕಂಡರೆ ಸೀಲ್ ಬದಲಿಸುವ ಜೊತೆಗೆ ಹೌಸಿಂಗ್ ಮೇಲಿನ ಬ್ರೀದರ್ (ಒಳಗಿನ ಗಾಳಿ ಹೊರಬಿಡುವ ತೂತು) ಕೆಸರಿನಿಂದ ಕಟ್ಟಿದೆಯೇ ನೋಡಿ. ಅದು ಕಟ್ಟಿದ್ದರೆ ಒಳಗಿನ ಒತ್ತಡ ಹೊಸ ಸೀಲನ್ನೂ ದಾಟಿ ಎಣ್ಣೆಯನ್ನು ಹೊರಗೆ ತಳ್ಳುತ್ತದೆ.