ಸೋಮವಾರ ಬೆಳಗಿನ ಹೊಟ್ಟೆನೋವು

ಶಿರಸಿ ಸೀಮೆಯ ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಮಾಣಿ "ಆಯಿ, ಹೊಟ್ಟೆ ನೋವು" ಎಂದರೆ ಮೊದಲು ಬರುವುದು ಜೀರಿಗೆ ಕಷಾಯ. ಮರುವಾರವೂ ನೋವು ಬಂದರೆ ಪಿತ್ತ ಎನ್ನುತ್ತಾರೆ, ಅದರ ಮುಂದಿನ ವಾರ ದೃಷ್ಟಿ ತೆಗೆಯುತ್ತಾರೆ, ಆಮೇಲೆ ಸ್ಕ್ಯಾನಿಂಗು. ಅದರಲ್ಲೂ ಏನೂ ಕಾಣದಿದ್ದರೆ ಮನೆಯವರ ತೀರ್ಪು ಹೊರಬೀಳುತ್ತದೆ: ಶಾಲೆ ತಪ್ಪಿಸಲು ನಾಟಕ.

ಆದರೆ ನೋವು ನಿಜವಾದದ್ದೇ. ಕರುಳಿನ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳಿವೆ. ವೇಗಸ್ ಎಂಬ ಉದ್ದನೆಯ ನರ ಅವನ್ನು ಮಿದುಳಿನೊಂದಿಗೆ ಬೆಸೆದಿದೆ. ಮನಸ್ಸು ಹೆದರಿದಾಗ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಏರುತ್ತವೆ, ಕರುಳಿನ ಚಲನೆ ಹದ ತಪ್ಪುತ್ತದೆ, ಬೇರೆ ದಿನ ಗೊತ್ತೇ ಆಗದ ಸೆಳೆತವೂ ನೋವಾಗುತ್ತದೆ. ಸ್ಕ್ಯಾನಿಂಗಿಗೆ ಇದು ಸಿಗುವುದಿಲ್ಲ. ಭಾನುವಾರ ಆರಾಮಿದ್ದ ಹುಡುಗನಿಗೆ ಸೋಮವಾರ ಹೊಟ್ಟೆ ಹಿಂಡುತ್ತದೆ ಎಂದರೆ ಶಾಲೆಯಲ್ಲೋ ಬಸ್ಸಿನಲ್ಲೋ ಏನೋ ಅವನನ್ನು ಕಾಡುತ್ತಿರಬಹುದು. ಹೊಟ್ಟೆಯ ತಪಾಸಣೆ ಮುಗಿದ ಮೇಲೆ ಹುಡುಕಬೇಕಾದದ್ದು ಅದನ್ನು.

ಹಾಗೆ ಕಾಡುತ್ತಿರುವುದು ಕೆಲವೊಮ್ಮೆ ಖಿನ್ನತೆಯೂ ಆಗಿರಬಹುದು. ಖಿನ್ನತೆ ಎಂದೊಡನೆ ಮೂಲೆಯಲ್ಲಿ ಕೂತು ಅಳುವವರು ನೆನಪಾಗುತ್ತಾರೆ. ಹದಿಹರೆಯದಲ್ಲಿ ಅದು ಎಷ್ಟೋ ಸಲ ಸಿಡುಕಾಗಿ ಬರುತ್ತದೆ: ಮಾತಿಗೆ ಮೊದಲು ಸಿಟ್ಟು, ಬಾಗಿಲು ಬಡಿಯುವುದು, ಊಟದ ಬಟ್ಟಲು ದೂಡಿ ಏಳುವುದು. ಮನೋವೈದ್ಯರ ಮಾನದಂಡದಲ್ಲೂ ಈ ವಯಸ್ಸಿನವರ ಮಟ್ಟಿಗೆ ಬೇಸರದ ಜಾಗದಲ್ಲಿ ಸಿಡುಕನ್ನು ಲೆಕ್ಕಕ್ಕೆ ಹಿಡಿಯಬಹುದು. ಸಿಡುಕದ ಹದಿನೈದರ ಹುಡುಗರು ಎಲ್ಲಿದ್ದಾರೆ ಎಂದು ನೀವು ಕೇಳಬಹುದು. ಸರಿಯೇ. ಅದಕ್ಕೇ ಒಂದು ದಿನದ ಜಗಳಕ್ಕೆ ಬೆಲೆಯಿಲ್ಲ. ಎರಡು ವಾರ ಹೆಚ್ಚುಕಡಿಮೆ ದಿನವೂ ಹಾಗೇ ಇದ್ದು, ಜೊತೆಗೆ ನಿದ್ದೆ, ಊಟ, ಆಟ, ಓದು ಏರುಪೇರಾದರೆ ಗಮನ ಕೊಡಬೇಕು. ಪಕ್ಕದ ಮನೆಯ ಮಕ್ಕಳ ಜೊತೆ ಹೋಲಿಸುವ ಚಟ ಇಲ್ಲಿ ಕೆಲಸಕ್ಕೆ ಬಾರದು. ಹೋದ ವರ್ಷದ ಅವನಿಗೂ ಈಗಿನ ಅವನಿಗೂ ಎಷ್ಟು ಅಂತರ ಎಂದು ನೋಡಿ. ಕಾರವಾರದ ಕಡಲತೀರದಲ್ಲಿ ಕತ್ತಲಾಗುವವರೆಗೂ ಕ್ರಿಕೆಟ್ ಆಡುತ್ತಿದ್ದವನು ಬ್ಯಾಟು ಮುಟ್ಟುತ್ತಿಲ್ಲ, ಯಕ್ಷಗಾನದ ಹೆಜ್ಜೆ ಕಲಿಯಲು ಓಡುತ್ತಿದ್ದವಳು ಗೆಜ್ಜೆ ಮೂಲೆಗಿಟ್ಟಿದ್ದಾಳೆ ಎಂದರೆ ಅಂಕಪಟ್ಟಿಗಿಂತ ಅದು ಹೆಚ್ಚು ಹೇಳುತ್ತದೆ.

ಬೆಳಿಗ್ಗೆ ತಡವಾಗಿ ಏಳುವುದನ್ನು ಮಾತ್ರ ಈ ಪಟ್ಟಿಗೆ ಅವಸರದಲ್ಲಿ ಸೇರಿಸಬೇಡಿ. ನಿದ್ದೆ ತರಿಸುವ ಮೆಲಟೋನಿನ್ ಈ ವಯಸ್ಸಿನಲ್ಲಿ ಒಂದೆರಡು ತಾಸು ತಡವಾಗಿ ಏರುತ್ತದೆ. ದೇಹಕ್ಕೆ ಬೇಕಾದ ನಿದ್ದೆ 8ರಿಂದ 10 ತಾಸು. ಹಳ್ಳಿಯಿಂದ ಏಳರ ಬಸ್ಸು ಹಿಡಿಯುವ ಮಕ್ಕಳಿಗೆ ಅಷ್ಟು ಸಿಗುವುದು ಕಷ್ಟವೇ.

ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂತು. 40 ಮಕ್ಕಳ ಕ್ಲಾಸಿಗೆ ಸುಮಾರು ಮೂವರು.

ಮಾತಾಡಿಸುವುದು ಹೇಗೆ? ಎದುರು ಕೂರಿಸಿ ಪಂಚಾಯ್ತಿ ನಡೆಸಿದರೆ ಬಾಯಿ ಬಿಡುವುದಿಲ್ಲ. ಅಡಿಕೆ ಸುಲಿಯುವಾಗ, ಬೈಕಿನ ಹಿಂದೆ ಕೂತಾಗ ಮಾತು ತಾನಾಗಿ ಬರುತ್ತದೆ. ಬಂದಾಗ ಬುದ್ಧಿವಾದ ತಡೆದುಕೊಳ್ಳಿ. "ನಮ್ಮ ಕಾಲದಲ್ಲಿ" ಎಂಬ ಎರಡು ಶಬ್ದ ಅದನ್ನು ಅಲ್ಲಿಗೇ ನಿಲ್ಲಿಸುತ್ತವೆ. ಬದುಕು ಬೇಡ ಎನ್ನುವಂಥ ಮಾತೇನಾದರೂ ಕೇಳಿಬಂದರೆ "ಸಾಯಬೇಕು ಅನ್ನಿಸ್ತದಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ; ಕೇಳಿಸಿಕೊಂಡವರಿಗೆ ಹಗುರವಾಗುವುದೇ ಹೆಚ್ಚು. ಉತ್ತರ ಹೌದು ಎಂದಾದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ತೋಟದ ಔಷಧಿ, ಅಜ್ಜನ ಮಾತ್ರೆ ಎಲ್ಲವೂ ಬೀಗದೊಳಗಿರಲಿ. ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಶ್ರೀಲಂಕಾದಲ್ಲಿ ಆತ್ಮಹತ್ಯೆಗಳು ಬಹಳ ಇಳಿದವು. ಆವೇಗದ ಆ ಗಳಿಗೆಯಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ದೇವಸ್ಥಾನದಲ್ಲಿ ಪ್ರಸಾದ ಕೇಳುವವರು ಕೇಳಲಿ, ನನ್ನ ತಕರಾರಿಲ್ಲ; ಅದು ಮುಗಿಯಲಿ ಎಂದು ವೈದ್ಯರನ್ನು ಮುಂದೂಡುವುದಕ್ಕೆ ಇದೆ. ಮಾತ್ರೆ ಶುರುವಾದರೆ ಬಿಡಲಾಗದು ಎಂಬ ಹೆದರಿಕೆಯೂ ಬೇಡ. ಸೌಮ್ಯ ಖಿನ್ನತೆಗೆ ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಮಾತಿನದ್ದೇ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಇರುವುದು ಈ ವಯಸ್ಸಿನವರಿಗಾಗಿಯೇ. ಬಸ್ ಸ್ಟ್ಯಾಂಡಿನಲ್ಲಿ ಕಂಡವರೆಲ್ಲ ಗುರುತಿನವರಾಗಿರುವ ನಮ್ಮ ಊರುಗಳಲ್ಲಿ ಮನೋವೈದ್ಯರ ಬಾಗಿಲಿಗೆ ಹೋಗುವುದೇ ಮುಜುಗರ ಎನಿಸಿದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡು ಗಂಟೆಯಾದರೂ ಸರಿ.