ಹಳೆಯ ಬೈಕಿನ ಫ್ಯೂಯಲ್ ಇಂಜೆಕ್ಷನ್: ನಿಜವಾಗಿ ಕೆಡುವುದು ಯಾವುದು?

ಪೆಟ್ರೋಲನ್ನು ಒತ್ತಡದಲ್ಲಿ ಸಣ್ಣ ತೂತಿನಿಂದ ಚಿಮ್ಮಿಸಿ ಇಂಜಿನ್‌ಗೆ ಕೊಡುವ ವ್ಯವಸ್ಥೆಗೆ ಫ್ಯೂಯಲ್ ಇಂಜೆಕ್ಷನ್ ಅನ್ನುತ್ತಾರೆ. ಕಾರ್ಬುರೇಟರ್ ಇದ್ದರೆ ಇಂಜಿನ್ ಎಳೆದುಕೊಳ್ಳುವ ಗಾಳಿಯೇ ಪೆಟ್ರೋಲನ್ನೂ ಹೀರಿ ತರುತ್ತದೆ. ಇಂಜೆಕ್ಷನ್‌ನಲ್ಲಿ ಹಾಗಲ್ಲ. ಪಂಪ್ ಪೆಟ್ರೋಲನ್ನು ತಳ್ಳುತ್ತದೆ. ರೆಗ್ಯುಲೇಟರ್ ಒತ್ತಡವನ್ನು ಹದದಲ್ಲಿ ಇಡುತ್ತದೆ. ಜಾಸ್ತಿಯಾದ ಪೆಟ್ರೋಲ್ ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಪೆಟ್ರೋಲನ್ನು ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಇಸಿಯು ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಲೆಕ್ಕ ಹಾಕುತ್ತದೆ. ಆ ಹೊತ್ತು ಕೆಲವೇ ಮಿಲಿಸೆಕೆಂಡು.

‘ಹಳೆಯ ಇಂಜೆಕ್ಷನ್’ ಎಂದು ನಾನು ಇಲ್ಲಿ ಹೇಳುತ್ತಿರುವುದು 1980ರಿಂದ 1990ರ ದಶಕದ ಕೊನೆಯವರೆಗಿನ ಬೈಕುಗಳ ಬಗ್ಗೆ. ಕವಾಸಾಕಿ 1980ರಲ್ಲೇ ತನ್ನ 1000 ಸಿಸಿ ಝಡ್ ಸಾಲಿನ ಬೈಕಿಗೆ ಇಂಜೆಕ್ಷನ್ ಹಾಕಿತು. 1982ರಲ್ಲಿ ಹೋಂಡಾ ಸಿಎಕ್ಸ್500 ಟರ್ಬೊ ಬಂತು. 1983ರಲ್ಲಿ ಬಿಎಂಡಬ್ಲ್ಯು ಕೆ100 ಬಂತು, ಅದರಲ್ಲಿದ್ದದ್ದು ಬಾಷ್ ಕಂಪನಿಯ ಎಲ್‌ಇ-ಜೆಟ್ರಾನಿಕ್ ಎಂಬ ಇಂಜೆಕ್ಷನ್ ವ್ಯವಸ್ಥೆ. ಆ ದಶಕದ ಕೊನೆಯಲ್ಲಿ ಡುಕಾಟಿ 851 ವೆಬರ್-ಮರೆಲ್ಲಿ ಇಂಜೆಕ್ಷನ್ ಹಿಡಿಯಿತು. 1993ರ ಬಿಎಂಡಬ್ಲ್ಯು ಆರ್1100ಆರ್‌ಎಸ್ ಮೋಟ್ರಾನಿಕ್ ಜೊತೆ ಬಂತು. ಮೋಟ್ರಾನಿಕ್‌ನಲ್ಲಿ ಇಂಜೆಕ್ಷನ್ ಮತ್ತು ಇಗ್ನಿಷನ್ ಎರಡನ್ನೂ ಒಂದೇ ಪೆಟ್ಟಿಗೆ ನೋಡಿಕೊಳ್ಳುತ್ತದೆ. ಜೆಟ್ರಾನಿಕ್ ಆಗಲಿ ಮೋಟ್ರಾನಿಕ್ ಆಗಲಿ, ಮೊದಲು ಕಾರುಗಳಲ್ಲಿ ಓಡಿ ಪಳಗಿದ ಮೇಲೇ ಬೈಕಿಗೆ ಬಂದವು.

ಇವು ಲೆಕ್ಕ ಹಾಕುವ ರೀತಿ ಎರಡು. ಕೆ100 ಮತ್ತು ಮೊದಲ ಕವಾಸಾಕಿಗಳಲ್ಲಿ ಗಾಳಿಯ ದಾರಿಗೆ ಒಂದು ಸಣ್ಣ ಬಾಗಿಲು ಇರುತ್ತದೆ. ಒಳಗೆ ಬರುವ ಗಾಳಿ ಅದನ್ನು ಎಷ್ಟು ತಳ್ಳುತ್ತದೋ ಅದರ ಮೇಲೆ ಪೆಟ್ರೋಲಿನ ಲೆಕ್ಕ. ಡುಕಾಟಿ 851, ಆರ್1100 ಇವುಗಳಲ್ಲಿ ಬಾಗಿಲು ಇಲ್ಲ. ಥ್ರಾಟಲ್ ಎಷ್ಟು ತೆರೆದಿದೆ, ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂಬ ಎರಡು ಅಂಕಿಗಳಿಂದಲೇ ಗಾಳಿಯನ್ನು ಅಂದಾಜು ಮಾಡುತ್ತವೆ. ನಿಮ್ಮ ಬೈಕಿನಲ್ಲಿ ಯಾವುದಿದೆ ಎಂದು ಮೊದಲೇ ತಿಳಿದುಕೊಳ್ಳಿ. ಬಾಗಿಲು ಇರುವ ಬೈಕಿನಲ್ಲಿ ಅದನ್ನು ದಾಟಿದ ಮೇಲೆ ಎಲ್ಲೋ ಒಂದು ಸೀಳು ಬಿಟ್ಟರೆ, ಅಲ್ಲಿಂದ ನುಗ್ಗುವ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು ಬಗೆಯಲ್ಲಿ ಥ್ರಾಟಲ್ ಪೊಸಿಷನ್ ಸೆನ್ಸರ್ ಸವೆದರೆ ಸಾಕು, ಇಡೀ ಲೆಕ್ಕವೇ ತಪ್ಪುತ್ತದೆ.

ಹಳೆಯ ಇಂಜೆಕ್ಷನ್ ಬೈಕ್ ಮಿಸ್ಸಿಂಗ್ ಹೊಡೆದರೆ ಎಲ್ಲರ ಬೆರಳೂ ಮೊದಲು ತೋರಿಸುವುದು ಇಸಿಯು ಕಡೆಗೆ. ‘ಕಂಪ್ಯೂಟರ್ ಹೋಗಿದೆ, ಇನ್ನು ಕಥೆ ಮುಗೀತು’ ಅನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಪೆಟ್ಟಿಗೆ ಕೆಡುವುದು ಅಪರೂಪ. ಕೆಡುವುದು ಅದರ ಸುತ್ತ ಇರುವ ರಬ್ಬರ್, ವೈರು, ಕನೆಕ್ಟರ್, ಹಳಸಿದ ಪೆಟ್ರೋಲ್. ಇವನ್ನೆಲ್ಲ ಮನೆಯಲ್ಲೇ ಪರೀಕ್ಷೆ ಮಾಡಬಹುದು.

ಕೆ100 ಉದಾಹರಣೆ ನೋಡಿ. ಅದರ ಇಸಿಯು ನಾಲ್ಕು ಇಂಜೆಕ್ಟರುಗಳಿಗೂ ಒಂದೇ ಸಲಕ್ಕೆ, ಒಂದೇ ಸಿಗ್ನಲ್ ಕಳಿಸುತ್ತದೆ. ಹಾಗಿದ್ದ ಮೇಲೆ ಒಂದೇ ಸಿಲಿಂಡರ್ ಸತ್ತಿದ್ದರೆ ತಪ್ಪು ಪೆಟ್ಟಿಗೆಯದ್ದಲ್ಲ ಅಲ್ವಾ? ಆ ಸಿಲಿಂಡರಿನ ಇಂಜೆಕ್ಟರ್, ಅದರ ವೈರು, ಪ್ಲಗ್ ಅಥವಾ ಪ್ಲಗ್ ಕ್ಯಾಪ್ ನೋಡಬೇಕು. ಇಷ್ಟು ಯೋಚಿಸದೆ ಒಳ್ಳೆಯ ಇಸಿಯು ಕಿತ್ತು ಹಾಕಿದವರು ತುಂಬಾ ಜನ.

ರಬ್ಬರಿನ ಮಾತಿಗೆ ಬರೋಣ, ಏಕೆಂದರೆ ತೊಂದರೆ ಜಾಸ್ತಿ ಇರುವುದೇ ಅಲ್ಲಿ. ಈ ವ್ಯವಸ್ಥೆಗಳಲ್ಲಿ ಪೆಟ್ರೋಲ್ ಒತ್ತಡ ಸುಮಾರು 2.5ರಿಂದ 3 ಬಾರ್. ಕಾರ್ಬುರೇಟರಿಗೆ ಹಾಕುವ ಮಾಮೂಲಿ ಪೈಪ್ ಈ ಒತ್ತಡಕ್ಕೆ ಮಾಡಿದ್ದಲ್ಲ. ಅದನ್ನು ಹಾಕಿದರೆ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮ್ಮಬಹುದು, ಬೆಂಕಿ ಹತ್ತಬಹುದು. ಇಂಜೆಕ್ಷನ್‌ಗೆಂದೇ ಮಾಡಿದ ಪೈಪನ್ನೇ ಕೊಳ್ಳಿ. ಕ್ಲ್ಯಾಂಪ್ ಕೂಡ ಅಂಚು ಮಡಚಿದ್ದು, ರಬ್ಬರ್ ಕೊಯ್ಯದಂಥದ್ದು ಇರಲಿ. ಟ್ಯಾಂಕಿನ ಒಳಗೆ ಪೆಟ್ರೋಲಿನಲ್ಲಿ ಮುಳುಗಿರುವ ಪೈಪ್ ಮತ್ತೂ ಬೇರೆ ಜಾತಿ. ಹೊರಗೆ ಹಾಕುವ ಪೈಪನ್ನು ಒಳಗೆ ಹಾಕಿದರೆ ಅದು ಹೊರಮೈಯಿಂದಲೇ ಮೆತ್ತಗಾಗಿ ಹಾಳಾಗುತ್ತದೆ. ಒಳಗಿನ ಪೈಪ್ ಸೀಳಿದರೆ ಹೊರಗೆ ಒಂದು ಹನಿಯೂ ಕಾಣಿಸುವುದಿಲ್ಲ. ಪಂಪ್ ಓಡುವ ಸದ್ದು ಕೇಳುತ್ತದೆ, ಆದರೆ ಪೆಟ್ರೋಲ್ ಅಲ್ಲೇ ಸುತ್ತಿ ಟ್ಯಾಂಕಿಗೇ ಬೀಳುತ್ತಿರುತ್ತದೆ.

ಕೆ100ರ ಪಂಪ್ ಟ್ಯಾಂಕಿನೊಳಗೆ ಒಂದು ರಬ್ಬರ್ ಹಿಡಿಕೆಯಲ್ಲಿ ಕೂತಿರುತ್ತದೆ. ವರ್ಷಗಳು ಕಳೆದ ಮೇಲೆ ಆ ರಬ್ಬರ್ ಕರಗಿ ಡಾಂಬರಿನಂತೆ ಅಂಟಂಟಾಗುತ್ತದೆ, ಪಂಪಿನ ಜಾಲರಿಗೆ ಹೋಗಿ ಮೆತ್ತಿಕೊಳ್ಳುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರಿಗೆ ಒಗ್ಗುವುದಿಲ್ಲ, ಮೇಲಾಗಿ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಟ್ಯಾಂಕ್ ತೆರೆದಾಗ ಒಳಗಿನ ಫಿಲ್ಟರನ್ನೂ ಬದಲಿಸಿಬಿಡಿ. ಕಣ್ಣಿಗೆ ಬೀಳದ ಜಾಗದಲ್ಲಿ ಇರುವುದರಿಂದ ಅದನ್ನು ಎಲ್ಲರೂ ಮರೆಯುತ್ತಾರೆ.

ಥ್ರಾಟಲ್ ಬಾಡಿ (ಥ್ರಾಟಲ್ ಕೂತಿರುವ ಗಾಳಿಯ ಕೊಳವೆ) ಮತ್ತು ಇಂಜಿನ್ ನಡುವಿನ ರಬ್ಬರ್ ಜೋಡಣೆಯನ್ನೂ ಬಗ್ಗಿಸಿ ನೋಡಿ. ಸಣ್ಣ ಬಿರುಕು ಸುಮ್ನೆ ನೋಡಿದರೆ ಕಾಣುವುದಿಲ್ಲ. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಅನುಮಾನ ಇರುವ ಜಾಗಕ್ಕೆ ನೀರನ್ನು ಸಣ್ಣಗೆ ಸಿಂಪಡಿಸಿ. ಸದ್ದು ಬದಲಾದರೆ ಗಾಳಿ ನುಗ್ಗುತ್ತಿರುವುದು ಅಲ್ಲೇ. ಇದಕ್ಕೆ ಬೇಗ ಹೊತ್ತಿಕೊಳ್ಳುವ ಕ್ಲೀನರ್ ಸ್ಪ್ರೇ ಬಳಸುವವರಿದ್ದಾರೆ. ಬಿಸಿ ಇಂಜಿನ್ ಹತ್ತಿರ ಅದು ಬೇಡ.

ಇನ್ನು ಕರೆಂಟಿನ ವಿಷಯ. ಬ್ಯಾಟರಿ ಸೋತಿದ್ದರೆ ಕಾರ್ಬುರೇಟರ್ ಬೈಕನ್ನು ತಳ್ಳಿಯಾದರೂ ಸ್ಟಾರ್ಟ್ ಮಾಡಬಹುದು. ಇಂಜೆಕ್ಷನ್ ಬೈಕಿಗೆ ಪಂಪ್ ತಿರುಗಬೇಕು, ಇಸಿಯು ಎಚ್ಚರವಾಗಿರಬೇಕು. ವೋಲ್ಟೇಜ್ ಇಳಿದರೆ ಇಂಜೆಕ್ಟರ್ ತೆರೆಯುವುದೂ ನಿಧಾನವಾಗುತ್ತದೆ. ಆದ್ದರಿಂದ ಏನೇ ತೊಂದರೆ ಬರಲಿ, ಬ್ಯಾಟರಿಯನ್ನೂ ಅರ್ತ್ ವೈರುಗಳನ್ನೂ ಮೊದಲು ನೋಡಿ. ಅರ್ತ್ ವೈರ್ ಫ್ರೇಮಿಗೆ ಕೂರುವ ಜಾಗದ ತುಕ್ಕು ಕೆರೆದು, ಬೋಲ್ಟ್ ಬಿಗಿಮಾಡಿ. ನಂತರ ಒಂದೊಂದೇ ಕನೆಕ್ಟರ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮತ್ತೆ ಜೋಡಿಸಿ. ಬಿಚ್ಚುವ ಮುಂಚೆ ಕೀ ಆಫ್ ಇರಲಿ. ಇಷ್ಟರಲ್ಲೇ ಸರಿಹೋಗುವ ಬೈಕುಗಳಿಗೆ ಲೆಕ್ಕವಿಲ್ಲ.

ಆರ್1100 ಬೈಕುಗಳಲ್ಲಿ ಇಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಹಾಲ್ ಸೆನ್ಸರಿನ ವೈರು ಇಂಜಿನ್ನಿನ ಬಿಸಿಗೆ ಒಣಗಿ, ಮೇಲಿನ ಹೊದಿಕೆ ಪುಡಿಪುಡಿಯಾಗುತ್ತದೆ. ಮಳೆಯಲ್ಲಿ ಅಥವಾ ತೊಳೆದ ಮೇಲೆ ಬೈಕ್ ನಿಂತುಬಿಡುತ್ತದೆ, ಒಣಗಿದ ಮೇಲೆ ಏನೂ ಆಗದಂತೆ ಓಡುತ್ತದೆ. ಇಂಥ ಲಕ್ಷಣ ಕಂಡರೆ ಆ ವೈರನ್ನು ಮೊದಲು ನೋಡಿ.

ಟೆಂಪರೇಚರ್ ಸೆನ್ಸರ್ ಚಿಕ್ಕದು, ಆದರೆ ಅದರ ಕಾಟ ದೊಡ್ಡದು. ಬಾಷ್ ವ್ಯವಸ್ಥೆಗಳಲ್ಲಿ ಅದರ ರೆಸಿಸ್ಟೆನ್ಸ್ 20 ಡಿಗ್ರಿಯಲ್ಲಿ ಸುಮಾರು 2500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್. ವೈರು ತುಂಡಾದರೆ ಇಂಜಿನ್ ಕೊರೆಯುವ ಚಳಿಯಲ್ಲಿದೆ ಎಂದು ಇಸಿಯು ತಿಳಿಯುತ್ತದೆ, ಪೆಟ್ರೋಲ್ ಸುರಿಯುತ್ತದೆ. ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರಿನಲ್ಲಿ ಪೆಟ್ರೋಲ್ ವಾಸನೆ. ಸಾಧಾರಣ ಮಲ್ಟಿಮೀಟರ್ ಇದ್ದರೆ ಇದನ್ನು ಹಿಡಿಯಬಹುದು. ಎಲ್‌ಇ-ಜೆಟ್ರಾನಿಕ್ ತನ್ನ ದೋಷಗಳನ್ನು ನೆನಪಿಟ್ಟುಕೊಳ್ಳುವುದಿಲ್ಲ. ಸ್ಕ್ಯಾನರ್ ಜೋಡಿಸಿ ಕೋಡ್ ಓದುವ ದಾರಿಯೇ ಇಲ್ಲಿಲ್ಲ.

ಇಂಜೆಕ್ಟರ್ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಹಳೆಯ ಇಂಜೆಕ್ಟರುಗಳ ಕಾಯಿಲ್ 2–3 ಓಮ್ ಮಾತ್ರ. ಅವಕ್ಕೆ ಪರೀಕ್ಷೆಗೆಂದು ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತವೆ. ಕಟ್ಟಿಕೊಂಡ ಇಂಜೆಕ್ಟರನ್ನು ತಂತಿ ಹಾಕಿ ಚುಚ್ಚಬೇಡಿ. ಅಲ್ಟ್ರಾಸಾನಿಕ್ ಕ್ಲೀನಿಂಗ್ ಮಾಡುವವರಿಗೆ ಕೊಡಿ. ಅದರೊಳಗಿನ ಪುಟ್ಟ ಜಾಲರಿ ಮತ್ತು ಓ-ರಿಂಗ್‌ಗಳನ್ನು ಆಗಲೇ ಹೊಸದು ಹಾಕಿಸಿ. ಥ್ರಾಟಲ್ ಬಾಡಿಯಲ್ಲಿ ಬಣ್ಣ ಹಚ್ಚಿ ಸೀಲ್ ಮಾಡಿದ ಸ್ಕ್ರೂಗಳನ್ನು ಮುಟ್ಟಲೇಬೇಡಿ. ಅವನ್ನು ಕಾರ್ಖಾನೆಯಲ್ಲಿ ಅಳೆದು ಕೂರಿಸಿರುತ್ತಾರೆ. ಒಮ್ಮೆ ತಿರುಗಿಸಿದರೆ ಹಳೆಯ ಜಾಗ ಸಿಗುವುದು ಬಹಳ ಕಷ್ಟ.

ಬೈಕನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ? ಕಾರ್ಬುರೇಟರಿನಲ್ಲಿ ಪೆಟ್ರೋಲ್ ಆವಿಯಾಗಿ ಜೆಟ್‌ನಲ್ಲಿ ಅಂಟು ಕಟ್ಟುತ್ತದೆ. ಇಂಜೆಕ್ಷನ್ ಮುಚ್ಚಿದ ವ್ಯವಸ್ಥೆ, ಹಾಗಾಗಿ ಈ ಕಾಟ ಕಡಿಮೆ. ಆದರೆ ಅರ್ಧ ಖಾಲಿ ಕಬ್ಬಿಣದ ಟ್ಯಾಂಕಿಗೆ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹಳಸಿದ ಪೆಟ್ರೋಲಿನಲ್ಲಿ ಪಂಪ್ ಕಚ್ಚಿಕೊಳ್ಳುತ್ತದೆ. ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಬೇಗ ಹಳಸದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ, ಸ್ವಲ್ಪ ದೂರ ಓಡಿಸಿ ನಿಲ್ಲಿಸಿ. ದಿನ ಬಿಟ್ಟು ದಿನ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವ ಅಭ್ಯಾಸ ಒಳ್ಳೆಯದಲ್ಲ. ಇಂಜಿನ್ ಪೂರ್ತಿ ಬಿಸಿಯಾಗದೆ ನೀರಿನಂಶ ಒಳಗೇ ಉಳಿಯುತ್ತದೆ. ಓಡಿಸುವಾಗಲೂ ಟ್ಯಾಂಕ್ ಪೂರ್ತಿ ಬರಿದಾಗಲು ಬಿಡಬೇಡಿ. ಒಳಗಿನ ಪಂಪ್ ತಣ್ಣಗಿರುವುದು ಪೆಟ್ರೋಲಿನಿಂದಲೇ.

ಇಷ್ಟೆಲ್ಲ ನೋಡಿದ ಮೇಲೂ ತೊಂದರೆ ಉಳಿದರೆ ಆಗ ಇಸಿಯು ಕಡೆ ತಿರುಗಿ. ಅದರಲ್ಲೂ ಒಣಗಿದ ಕೆಪಾಸಿಟರ್, ಬಿರುಕುಬಿಟ್ಟ ಬೆಸುಗೆ ಇರುವುದುಂಟು, ಎಲೆಕ್ಟ್ರಾನಿಕ್ಸ್ ಬಲ್ಲವರು ರಿಪೇರಿ ಮಾಡಬಲ್ಲರು. ನಿಜವಾದ ತಲೆನೋವು ಬಿಡಿಭಾಗ ಸಿಗದಿರುವುದು. ಇಂಜೆಕ್ಟರುಗಳ ಮಟ್ಟಿಗೆ ಅಷ್ಟು ಚಿಂತೆ ಬೇಡ. ಬಾಷ್ ಮಾದರಿಯವು ಕಾರುಗಳಲ್ಲೂ ಬಂದಿದ್ದರಿಂದ ಹೊಂದುವಂಥವು ಸಿಗುತ್ತವೆ. ಅಂಥದ್ದನ್ನು ತರುವ ಮುಂಚೆ ನಿಮಿಷಕ್ಕೆ ಎಷ್ಟು ಪೆಟ್ರೋಲ್ ಬಿಡುತ್ತದೆ, ಕಾಯಿಲ್ ಎಷ್ಟು ಓಮ್, ಸಿಂಪಡಿಸುವ ರೀತಿ ಹೇಗೆ ಎಂಬ ಮೂರನ್ನೂ ಹಳೆಯದರ ಜೊತೆ ಹೋಲಿಸಿ ನೋಡಿ. ಹಾಕುವಾಗ ಎಲ್ಲ ಸಿಲಿಂಡರಿಗೂ ಒಂದೇ ಬಗೆಯದ್ದನ್ನು ಹಾಕಿ.