ಪೂರ್ತಿ ಕೂಲಿ ಕೊಟ್ಟವರಿಗೂ ದಂಡ ಯಾಕೆ?

"ಮೇಡಂ, ನಾನು ಯಾರ ಕೂಲೀನೂ ಹಿಡಿದಿಟ್ಟಿಲ್ಲ. ಎಲ್ಲರಿಗೂ ಪೂರ್ತಿ ರೇಟು ಕೊಟ್ಟಿದ್ದೀನಿ. ಮತ್ತೆ ದಂಡ ಯಾಕೆ?"

ಕ್ಯಾಲಿಫೋರ್ನಿಯಾದಲ್ಲಿ ಪೇಂಟಿಂಗ್ ಗುತ್ತಿಗೆ ಮಾಡುವ ನಮ್ಮ ಕಡೆಯವರೊಬ್ಬರು ಪತ್ರ ಹಿಡಿದುಕೊಂಡು ನನ್ನ ಮುಂದೆ ಕೂತಿದ್ದರು. ಬೇಸಿಗೆ ರಜೆಯಲ್ಲಿ ಒಂದು ಸರ್ಕಾರಿ ಶಾಲೆಗೆ ಬಣ್ಣ ಬಳಿದಿದ್ದರು. ಐದು ಜನ, ಆರು ವಾರ. ಪೇರೋಲ್ ತೆಗೆದು ನೋಡಿದೆ. ಅವರು ಹೇಳಿದ್ದು ನಿಜ, ಕೂಲಿಯಲ್ಲಿ ಒಂದು ಸೆಂಟೂ ಕಡಿಮೆ ಇರಲಿಲ್ಲ. ಫೈಲಿನಲ್ಲಿ ಇಲ್ಲದೇ ಇದ್ದದ್ದು ಎರಡು ಫಾರ್ಮು.

ಇಲ್ಲಿ ಸರ್ಕಾರಿ ಕಾಮಗಾರಿ ಮಾಡುವವರ ಪೇರೋಲ್ ನೋಡಿಕೊಳ್ಳುವುದೇ ನನ್ನ ಕೆಲಸ. ಕೂಲಿ ಕದ್ದು ಸಿಕ್ಕಿಬೀಳುವವರು ಇದ್ದಾರೆ, ಅವರ ವಿಷಯ ಬಿಡಿ. ಸರಿಯಾಗಿ ಕೊಟ್ಟೂ ಸಿಕ್ಕಿಬೀಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೂಲಿಯ ವಿಷಯ. ಸರ್ಕಾರದ ದುಡ್ಡಿನ ಕಟ್ಟಡ ಕೆಲಸದಲ್ಲಿ ಗುತ್ತಿಗೆದಾರ ಮನಸ್ಸಿಗೆ ಬಂದ ಕೂಲಿ ಕೊಡುವಂತಿಲ್ಲ. ಆ ಊರಲ್ಲಿ ಆ ಕಸುಬಿಗೆ ನಡೆಯುತ್ತಿರುವ ದರವನ್ನೇ ಕೊಡಬೇಕು. ಇದಕ್ಕೇ ಪ್ರಿವೇಲಿಂಗ್ ವೇಜ್ ಅನ್ನುವುದು. ಅಮೆರಿಕದ ಕೇಂದ್ರ ಸರ್ಕಾರದ ಡೇವಿಸ್-ಬೇಕನ್ ಕಾಯ್ದೆ 1931ರದ್ದು. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆ ಕಟ್ಟಲು ಅಲಬಾಮಾದ ಗುತ್ತಿಗೆದಾರನೊಬ್ಬ ಅಗ್ಗದ ಕೂಲಿಗೆ ಅಲ್ಲಿಂದಲೇ ಜನ ಕರೆತಂದ. ಆ ಕ್ಷೇತ್ರದ ಪ್ರತಿನಿಧಿ ರಾಬರ್ಟ್ ಬೇಕನ್ ಸಿಟ್ಟಾಗಿ ಮಸೂದೆ ತಂದರು. ಹೊರಗಿನ ಕೂಲಿಯವರು ಬಂದರು ಅನ್ನುವ ಆ ಸಿಟ್ಟು ಪೂರ್ತಿ ನ್ಯಾಯದ್ದೇ ಆಗಿತ್ತಾ ಅನ್ನುವುದು ಬೇರೆ ಚರ್ಚೆ. ಕೇಂದ್ರದ ಕಾಯ್ದೆ 2,000 ಡಾಲರ್ ಮೀರಿದ ಗುತ್ತಿಗೆಗೆ ಅನ್ವಯ. ಕ್ಯಾಲಿಫೋರ್ನಿಯಾದ್ದು 1,000 ಡಾಲರ್ ಮೀರಿದರೆ ಸಾಕು.

ಕ್ಯಾಲಿಫೋರ್ನಿಯಾದ ದರ ಪಟ್ಟಿ ವರ್ಷಕ್ಕೆರಡು ಸಲ ಬರುತ್ತದೆ, ಫೆಬ್ರವರಿ 22 ಮತ್ತು ಆಗಸ್ಟ್ 22ಕ್ಕೆ. ನಿಮಗೆ ಯಾವ ಪಟ್ಟಿ ಅನ್ನುವುದು ಟೆಂಡರ್ ಕರೆದ ದಿನದ ಮೇಲೆ ನಿಂತಿದೆ, ಕೆಲಸ ಶುರುವಾದ ದಿನದ ಮೇಲಲ್ಲ. ಆ ಪಟ್ಟಿಯಲ್ಲಿ ದರದ ಅವಧಿ ಮುಗಿಯುವ ದಿನಾಂಕದ ಪಕ್ಕ ಒಂದು ನಕ್ಷತ್ರ ಇದ್ದರೆ ಕೆಲಸ ಮುಗಿಯುವವರೆಗೂ ಅದೇ ದರ. ಎರಡು ನಕ್ಷತ್ರ ಇದ್ದರೆ ಮಧ್ಯದಲ್ಲಿ ಏರುತ್ತದೆ, ಏರಿದ್ದನ್ನು ನೀವು ಕೊಡಲೇಬೇಕು. ಬಿಡ್ ಹಾಕುವಾಗ ಈ ಎರಡನೇ ನಕ್ಷತ್ರ ಕಾಣದೆ ಲಾಭವನ್ನೆಲ್ಲ ಕಳೆದುಕೊಂಡವರನ್ನು ನೋಡಿದ್ದೇನೆ.

ಇನ್ನು ಅಪ್ರೆಂಟಿಸ್. ನಮ್ಮೂರ ಗಾರೆ ಕೆಲಸದಲ್ಲಿ ಹುಡುಗ ಮೊದಲು ಕೈಯಾಳಾಗಿ ಸೇರುತ್ತಾನೆ. ವರ್ಷಗಟ್ಟಲೆ ಗಾರೆ ಕಲಸಿ, ಇಟ್ಟಿಗೆ ಹೊತ್ತು, ಒಂದು ದಿನ ಮೇಸ್ತ್ರಿ ಇಲ್ಲದಾಗ ಕರಣೆ ಹಿಡಿಯುತ್ತಾನೆ. ಕಾಗದ ಪತ್ರ ಏನೂ ಇರಲ್ಲ. ಕರ್ನಾಟಕದಲ್ಲಿ ಕಟ್ಟಡದ ವೆಚ್ಚದ ಮೇಲೆ ಶೇ. 1 ಸೆಸ್ ಕಾರ್ಮಿಕರ ಕಲ್ಯಾಣಕ್ಕೆ ಹೋಗುತ್ತದೆ. ಆದರೆ ಕ್ಯಾಲಿಫೋರ್ನಿಯಾ ಕೇಳುವುದು ಬೇರೆಯದನ್ನು. ಕಲಿತವರಿಂದ, ಅಂದರೆ ಜರ್ನಿಮನ್‌ಗಳಿಂದ, ಐದು ಗಂಟೆ ಕೆಲಸ ಮಾಡಿಸಿದರೆ ಕಲಿಯುವವರಿಗೆ ಕನಿಷ್ಠ ಒಂದು ಗಂಟೆ ಕೊಡಬೇಕು. ನಮ್ಮ ಪೇಂಟಿಂಗ್ ಸ್ನೇಹಿತರ ಲೆಕ್ಕ ತಗೊಳ್ಳಿ. ಐದು ಜನ, ವಾರಕ್ಕೆ 40 ಗಂಟೆಯಂತೆ ಆರು ವಾರ, ಒಟ್ಟು 1,200 ಗಂಟೆ. ಅಂದರೆ 240 ಗಂಟೆ ಅಪ್ರೆಂಟಿಸ್ ಕೆಲಸ ಆಗಬೇಕಿತ್ತು. ಆಗಿದ್ದು ಸೊನ್ನೆ. (ದಿನಕ್ಕೆ 8, ವಾರಕ್ಕೆ 40 ಗಂಟೆ ಮೀರಿದ ಓವರ್‌ಟೈಮ್ ಈ ಲೆಕ್ಕಕ್ಕೆ ಬರಲ್ಲ.)

"ನನ್ನ ಸೋದರಳಿಯ ಇದ್ದನಲ್ಲ, ಅವನು ಕಲೀತಾನೇ ಇದ್ದ" ಅಂದರು. ಅದು ನಡೆಯಲ್ಲ. ರಾಜ್ಯ ಒಪ್ಪಿದ ತರಬೇತಿಗೆ ಹೆಸರು ನೋಂದಾಯಿಸಿದವನು ಮಾತ್ರ ಅಪ್ರೆಂಟಿಸ್. ಅಂಥವನಿಗೆ ಜರ್ನಿಮನ್ ದರದ ಒಂದು ಪಾಲು ಕೊಡಬಹುದು, ಕಲಿತಂತೆ ಅದು ಏರುತ್ತದೆ. ನೋಂದಣಿ ಇಲ್ಲದವನ ಕೈಗೆ ಬ್ರಷ್ ಕೊಟ್ಟರೆ ಅವನು ಪೂರಾ ಪೇಂಟರ್, ಪೂರಾ ದರ. ಪುಣ್ಯಕ್ಕೆ ಇವರು ಸೋದರಳಿಯನಿಗೂ ಪೂರ್ತಿ ಕೊಟ್ಟಿದ್ದರು. ಇಲ್ಲದಿದ್ದರೆ ಕಡಿಮೆ ಬಿದ್ದ ಕೂಲಿಯ ಮೇಲೆ ದಿನಕ್ಕೆ 200 ಡಾಲರ್‌ವರೆಗೆ ಬೇರೆ ದಂಡ.

ಆ ಎರಡು ಫಾರ್ಮಿಗೆ ಬರೋಣ. ಒಂದು ಡಿ.ಎ.ಎಸ್. 140 (ಡಿ.ಎ.ಎಸ್. ಅಂದರೆ ಅಪ್ರೆಂಟಿಸ್ ವಿಷಯ ನೋಡಿಕೊಳ್ಳುವ ರಾಜ್ಯದ ಇಲಾಖೆ). "ಈ ಕೆಲಸ ನನಗೆ ಸಿಕ್ಕಿದೆ" ಅಂತ ಆ ಪ್ರದೇಶದಲ್ಲಿ ಆ ಕಸುಬು ಕಲಿಸುವ ಎಲ್ಲ ಅಪ್ರೆಂಟಿಸ್ ಸಮಿತಿಗಳಿಗೂ ತಿಳಿಸುವುದು. ಗುತ್ತಿಗೆಗೆ ಸಹಿ ಬಿದ್ದ 10 ದಿನದೊಳಗೆ, ಹೇಗಿದ್ದರೂ ಮೊದಲ ಕೆಲಸಗಾರ ಸೈಟಿಗೆ ಕಾಲಿಡುವ ದಿನ ದಾಟುವಂತಿಲ್ಲ. ಇದರಲ್ಲಿ ಟಿಕ್ ಹಾಕಲು ಮೂರು ಚೌಕಗಳಿವೆ. ಯೂನಿಯನ್‌ಗೆ ಸೇರದ ಸಣ್ಣ ಗುತ್ತಿಗೆದಾರರು ಇಲ್ಲೇ ಹೆದರುವುದು. ಸಹಿ ಹಾಕಿದರೆ ಯೂನಿಯನ್ ನಿಯಮಕ್ಕೆಲ್ಲ ಕಟ್ಟುಬೀಳ್ತೀವಿ ಅಂತ ಫಾರ್ಮನ್ನೇ ಕಳಿಸಲ್ಲ. ಮೂರನೇ ಚೌಕ ಇರುವುದೇ ಅವರಿಗೆ: ರಾಜ್ಯದ ಅಪ್ರೆಂಟಿಸ್ ಮಂಡಳಿಯ ನಿಯಮಕ್ಕೆ ಮಾತ್ರ ಒಪ್ಪುತ್ತೇನೆ ಅಂತ.

ಇನ್ನೊಂದು ಡಿ.ಎ.ಎಸ್. 142. "ಇಂಥ ದಿನ ಅಪ್ರೆಂಟಿಸ್ ಕಳಿಸಿ" ಅಂತ ಕೇಳುವುದು. 72 ಗಂಟೆ ಮುಂಚೆ ಕೇಳಬೇಕು, ಶನಿವಾರ, ಭಾನುವಾರ, ರಜೆ ಲೆಕ್ಕಕ್ಕಿಲ್ಲ. ಸೋಮವಾರ ಬೆಳಿಗ್ಗೆ 7ಕ್ಕೆ ಬೇಕಿದ್ದರೆ ಹಿಂದಿನ ಬುಧವಾರ ಬೆಳಿಗ್ಗೆ 7ರೊಳಗೆ ಹೋಗಿರಬೇಕು. ಮೊದಲ ಫಾರ್ಮು ಬರೀ ಸುದ್ದಿ, ಎರಡನೆಯದು ಬೇಡಿಕೆ. ಒಂದನ್ನು ಕಳಿಸಿ ಮುಗೀತು ಅಂದುಕೊಳ್ಳುವವರೇ ಜಾಸ್ತಿ.

ಮಜಾ ಏನು ಗೊತ್ತಾ? ಎಷ್ಟೋ ಸಲ ಯಾರೂ ಬರುವುದಿಲ್ಲ. ಒಂದು ಸಮಿತಿ ಕಳಿಸದಿದ್ದರೆ ಇನ್ನೊಂದನ್ನು ಕೇಳಬೇಕು. ಆ ಪ್ರದೇಶದ ಎಲ್ಲರನ್ನೂ ಸಮಯಕ್ಕೆ ಸರಿಯಾಗಿ ಕೇಳಿಯೂ ಯಾರೂ ಕಳಿಸದಿದ್ದರೆ ತಪ್ಪು ನಿಮ್ಮದಲ್ಲ. ಆದರೆ ಕೇಳಿದ್ದಕ್ಕೆ ಪುರಾವೆ ಬೇಕು. ಫೋನಿನಲ್ಲಿ ಕೇಳಿದೆ ಅಂದರೆ ಕೇಳಿದಂತೆ ಅಲ್ಲ. ಕೊನೆಯ ವಾರ ಕೇಳಿದರೂ ಪ್ರಯೋಜನ ಇಲ್ಲ. 240 ಗಂಟೆ ಹಿಡಿಸುವಷ್ಟು ಕೆಲಸ ಬಾಕಿ ಇರಬೇಕಲ್ವಾ?

ಗುತ್ತಿಗೆ 30,000 ಡಾಲರ್‌ಗಿಂತ ಕಡಿಮೆ ಇದ್ದರೆ ಅಪ್ರೆಂಟಿಸ್ ನಿಯಮ ಇಲ್ಲ. ಆದರೆ ಆ ಮಿತಿ ನೋಡುವುದು ಮುಖ್ಯ ಗುತ್ತಿಗೆಯ ಮೊತ್ತಕ್ಕೆ. ದೊಡ್ಡ ಕೆಲಸದಲ್ಲಿ ನಿಮ್ಮ ಉಪಗುತ್ತಿಗೆ 8,000 ಡಾಲರ್ ಆಗಿದ್ದರೂ ತಪ್ಪಿಸಿಕೊಳ್ಳಲಾಗುವುದಿಲ್ಲ. ಮತ್ತೆ ತರಬೇತಿ ನಿಧಿಯ ಹಣ. ದರ ಪಟ್ಟಿಯಲ್ಲಿ ಮೂಲ ಕೂಲಿಯ ಜೊತೆ ಆರೋಗ್ಯ, ಪಿಂಚಣಿ, ತರಬೇತಿ ಅಂತ ಬೇರೆ ಬೇರೆ ಹಣವೂ ಇರುತ್ತದೆ. ಆರೋಗ್ಯ, ಪಿಂಚಣಿಯ ಹಣವನ್ನು ಕೆಲಸಗಾರನ ಕೈಗೇ ಕೊಡಬಹುದು. ಈ ತರಬೇತಿ ಹಣವನ್ನು ಕೊಡುವಂತಿಲ್ಲ. ಅದು ರಾಜ್ಯದ ಮಂಡಳಿಗೋ ಒಪ್ಪಿಗೆ ಇರುವ ತರಬೇತಿ ಸಂಸ್ಥೆಗೋ ಹೋಗಬೇಕು. ಧಾರಾಳವಾಗಿ ಕೈಗೇ ಕೊಟ್ಟವರು ಮತ್ತೊಮ್ಮೆ ಕಟ್ಟಿದ್ದಾರೆ.

ಅಪ್ರೆಂಟಿಸ್ ನಿಯಮ ಮುರಿದರೆ ದಿನಕ್ಕೆ 100 ಡಾಲರ್‌ವರೆಗೆ ದಂಡ. ಎಣಿಸುವುದು ಕ್ಯಾಲೆಂಡರ್ ದಿನ, ಭಾನುವಾರವೂ ಸೇರಿ. ಆರು ವಾರಕ್ಕೆ 42 ದಿನ ಹಿಡಿದರೆ 4,200 ಡಾಲರ್‌ವರೆಗೆ. ಗೊತ್ತಿದ್ದೂ ಮೂರು ವರ್ಷದೊಳಗೆ ಮತ್ತೆ ತಪ್ಪಿದರೆ ಅದು ದಿನಕ್ಕೆ 300ರವರೆಗೆ ಹೋಗುತ್ತದೆ. "ನನಗೆ ಗೊತ್ತಿರಲಿಲ್ಲ" ಅನ್ನುವ ಮಾತೂ ಉಳಿಸುವುದಿಲ್ಲ. ಗೊತ್ತಿರಬೇಕಾಗಿತ್ತು ಅಂತಾದರೆ ಗೊತ್ತಿದ್ದಂತೆಯೇ ಲೆಕ್ಕ.

ಅವರು ದಂಡ ಕಟ್ಟಿದರು. ಮುಂದಿನ ಬೇಸಿಗೆ ಇನ್ನೊಂದು ಶಾಲೆ ಸಿಕ್ಕಿತು. ಈ ಸಲ ಎಲ್ಲ ಸಮಿತಿಗೂ ಇ-ಮೇಲ್ ಹೋಯಿತು. ಭಾನುವಾರ ಸಂಜೆ ಫೋನು: "ಮೇಡಂ, ಒಬ್ರೂ ಉತ್ತರ ಕೊಟ್ಟಿಲ್ಲ. ನಾಳೆ ಶುರು. ಏನ್ಮಾಡ್ಲಿ?"

"ಕಳಿಸಿದ ಇ-ಮೇಲ್ ಎಲ್ಲಾ ದಿನಾಂಕ ಕಾಣೋ ಹಾಗೆ ಪ್ರಿಂಟ್ ತೆಗೆದು ಫೈಲಲ್ಲಿಡಿ. ಕೆಲಸ ಶುರು ಮಾಡಿ" ಅಂದೆ.